ಮಂಜನ್ನು ಹೊಗೆಯೆಂದು ಓದಿದ ಚಳಿಗಾಲ

ಗಾಳಿಯ ಹೊಗೆ, ಧೂಳು ಅಳೆಯಲು ನಾವು ಮಾಡಿದ್ದ ಮೊದಲನೆಯ ಪೆಟ್ಟಿಗೆಯೊಳಗೆ ಜೇಡ ಬಲೆ ಕಟ್ಟಿತ್ತು. ಎರಡು ವಾರದ ಅಳತೆ ಸಿಕ್ಕಿತು ಎಂದುಕೊಂಡು ಮೆಮೊರಿ ಕಾರ್ಡನ್ನು ಕಂಪ್ಯೂಟರಿಗೆ ಹಾಕಿದರೆ ಕಂಡದ್ದು ಜೇಡ ಓಡಾಡಿದ ಲೆಕ್ಕ. ಅದು ಬೆಳಕಿನ ಗೆರೆಗೆ ಅಡ್ಡ ಬಂದಾಗಲೆಲ್ಲ ಅಂಕಿ ಸರ್ರನೆ ಮೇಲೇರಿತ್ತು, ಮೂಲೆಗೆ ಹೋಗಿ ಕೂತಾಗ ಇಳಿದಿತ್ತು. ವೈರಿನ ಕೆಲಸ ಮಾಡುತ್ತಿದ್ದ ಹುಡುಗ ಪೆಟ್ಟಿಗೆಯನ್ನು ಬೋರಲು ಹಾಕಿ ತಟ್ಟುತ್ತ, "ಇಷ್ಟು ದಿನ ಇದರ ಹಾಜರಾತಿ ತಗೊಂಡಿದೀವಿ ಮೇಡಂ" ಎಂದ. ನಗಬೇಕಾದ ಮಾತೇ. ಆದರೆ ನಾನು ಐದೂವರೆಗೆ ಎದ್ದು, ಎರಡು ಗಂಟೆ ಬಸ್ಸಿನಲ್ಲಿ ಕೂತು, ಅದರಲ್ಲಿ ಅರ್ಧ ದಾರಿ ನಿಂತು ಬಂದವಳು. "ಪೆಟ್ಟಿಗೆ ಬಾಯಿಗೆ ಸೊಳ್ಳೆ ಪರದೆ ಕಟ್ಟು" ಎಂದಷ್ಟೇ ಹೇಳಿದೆ.

ಆಗ ನಾನು ಅರಸೀಕೆರೆಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಅತಿಥಿ ಉಪನ್ಯಾಸಕಿ. ಮನೆ ಹಳೇಬೀಡಿನ ಪಕ್ಕದ ಬಸ್ತಿಹಳ್ಳಿ. ಜಾವಗಲ್, ಬಾಣಾವರ ದಾಟಿ ದಿನಾ ಹೋಗಿ ಬರುವುದು. ಈ ಗಾಳಿ ಅಳೆಯುವ ಕೆಲಸ ಪಾಠದ ಭಾಗವಾಗಿರಲಿಲ್ಲ. ಎರಡನೇ ವರ್ಷದ ಬಿಎಸ್ಸಿಯ ಮೂವರು ಪ್ರಯೋಗಾಲಯಕ್ಕೆ ಬಂದು ಕೇಳಿದ್ದರು, ನಾನು ಆಗಲಿ ಎಂದಿದ್ದೆ. ಒಬ್ಬಳು ಊರಂಚಿನ ಬಡಾವಣೆಯ ಹುಡುಗಿ. ಅವಳ ತಮ್ಮ ಅಲ್ಲಿನ ಪ್ರಾಥಮಿಕ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಚಳಿಗಾಲ ಬಂತೆಂದರೆ ಅವನಿಗೆ ಉಬ್ಬಸ. ಇನ್ನೊಬ್ಬ ಮೊಬೈಲ್ ರಿಪೇರಿ ಅಂಗಡಿಯವರ ಮಗ, ಬೆಸುಗೆ ಹಾಕಲು ಬರುತ್ತಿತ್ತು; ವೈರಿನ ಕೆಲಸವೆಲ್ಲ ಅವನದೇ. ಮೂರನೆಯವನು ಬೇಲೂರು ಕಡೆಯ ಗೆಂಡೆಹಳ್ಳಿಯವನು, ಹಾಸ್ಟೆಲಿನಲ್ಲಿದ್ದ. ಮಾತು ಕಡಿಮೆ, ಅಕ್ಷರ ದುಂಡು. ಹಾಗಾಗಿ ರಿಜಿಸ್ಟರ್ ಅವನ ಕೈಗೆ ಬಿತ್ತು.

ಬಡಾವಣೆಯ ಮೂಡಣಕ್ಕೆ, ಶಾಲೆಯ ಕಾಂಪೌಂಡಿನಿಂದ ಎರಡು ಹೊಲದಾಚೆ, ತೆಂಗಿನ ಚಿಪ್ಪು ಸುಟ್ಟು ಇದ್ದಿಲು ಮಾಡುವ ಗುಂಡಿಗಳಿದ್ದವು. ಕೊಬ್ಬರಿಯ ಸೀಮೆಯಲ್ಲಿ ಚಿಪ್ಪಿಗೆ ಬರವಿಲ್ಲ. ಗುಂಡಿ ಶುರುವಾದಾಗ ಅಲ್ಲಿ ಬಡಾವಣೆ ಇರಲಿಲ್ಲ, ಸುತ್ತ ರಾಗಿ ಹೊಲ. ಆಮೇಲೆ ಸೈಟುಗಳಾದವು, ಮನೆಗಳೆದ್ದವು, ಶಾಲೆ ಬಂತು. ಬೆಳಿಗ್ಗೆ ಕಿಟಕಿ ತೆಗೆದರೆ ಸುಟ್ಟ ವಾಸನೆ ಎಂದು ಅಲ್ಲಿನವರು ವರ್ಷಗಳಿಂದ ಹೇಳುತ್ತಿದ್ದರು. ದೂರು ಕೊಟ್ಟಾಗಲೆಲ್ಲ ಸರ್ಕಾರಿ ಕಚೇರಿಯಲ್ಲಿ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಎಷ್ಟು ಹೊಗೆ, ಅದಕ್ಕೆ ದಾಖಲೆ ಏನು? ಆ ದಾಖಲೆಯನ್ನು ನಾವು ತಯಾರಿಸಲು ಹೊರಟಿದ್ದೆವು.

ಪೆಟ್ಟಿಗೆ ಅಂದರೆ ಊಟದ ಡಬ್ಬಿಯಷ್ಟು ದೊಡ್ಡದು. ಒಳಗೆ ಒಂದು ಪುಟ್ಟ ಫ್ಯಾನು ಗಾಳಿಯನ್ನು ಎಳೆದುಕೊಳ್ಳುತ್ತದೆ. ಆ ಗಾಳಿ ಒಂದು ಲೇಸರ್ ಬೆಳಕಿನ ಗೆರೆಯನ್ನು ದಾಟಿ ಹೋಗಬೇಕು. ಗಾಳಿಯಲ್ಲಿರುವ ಕಣಗಳು ಬೆಳಕನ್ನು ಚದುರಿಸುತ್ತವೆ. ಎಷ್ಟು ಚದುರಿತು ಎಂಬುದರ ಮೇಲೆ ಯಂತ್ರ ಧೂಳನ್ನು ಅಂದಾಜು ಮಾಡಿ ಎರಡು ನಿಮಿಷಕ್ಕೊಮ್ಮೆ ಕಾರ್ಡಿನಲ್ಲಿ ಬರೆದಿಡುತ್ತದೆ. ಇಂಥವು ಆರು ಮಾಡಿದೆವು. ಬಡಾವಣೆಯಲ್ಲಿ ಮೂರು, ಶಾಲೆಯ ಜಗಲಿಯಲ್ಲಿ ಒಂದು, ಕಾಲೇಜಿನ ಮಾಳಿಗೆಯ ಮೇಲೆ ಒಂದು. ಆರನೆಯದು ಶುದ್ಧ ಗಾಳಿ ಇರುವ ಕಡೆ ಬೇಕಿತ್ತು, ಹೋಲಿಸಿ ನೋಡಲು. ಬಸ್ತಿಹಳ್ಳಿಗಿಂತ ಶುದ್ಧ ಗಾಳಿ ಎಲ್ಲಿದೆ ಎಂದುಕೊಂಡು ಅದನ್ನು ನಾನೇ ಚೀಲದಲ್ಲಿ ಹಾಕಿಕೊಂಡು ಬಂದು ನಮ್ಮ ಹಿತ್ತಿಲ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದೆ.

ಜೇಡದ ನಂತರ ಕರೆಂಟು. ಕರೆಂಟು ಹೋಗಿ ಬಂದಾಗಲೆಲ್ಲ ಎರಡು ಪೆಟ್ಟಿಗೆಗಳ ಗಡಿಯಾರಗಳು ಹಿಂದಕ್ಕೆ ಹೋಗಿ ಯಾವುದೋ ಹಳೆಯ ವರ್ಷದ ಮೊದಲ ದಿನದಿಂದ ಎಣಿಸುತ್ತಿದ್ದವು. ಒಂದು ಮನೆಯವರು ಇಸ್ತ್ರಿ ಮಾಡಲು ನಮ್ಮ ಪ್ಲಗ್ಗು ಕಿತ್ತು ಮತ್ತೆ ಹಾಕುವುದನ್ನು ಮರೆತರು. ಇನ್ನೊಂದು ಕಡೆ ಎಮ್ಮೆ ವೈರು ಜಗಿಯಿತು. ಹುಡುಗಿ ದಿನಾ ಬೆಳಿಗ್ಗೆ ಕಾಲೇಜಿಗೆ ಹೊರಡುವ ಮೊದಲು ಬಡಾವಣೆಯ ಮೂರೂ ಪೆಟ್ಟಿಗೆಗಳ ದೀಪ ಉರಿಯುತ್ತಿದೆಯೇ ಎಂದು ನೋಡಿ ಬರುತ್ತಿದ್ದಳು. ಗೆಂಡೆಹಳ್ಳಿಯ ಹುಡುಗ ಯಾವ ಪೆಟ್ಟಿಗೆ ಎಷ್ಟು ಹೊತ್ತು ಸತ್ತಿತ್ತು ಎಂಬುದನ್ನು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದ. ಮೊದಲ ತಿಂಗಳ ಪುಟಗಳಲ್ಲಿ ಕೆಂಪೇ ಹೆಚ್ಚು.

ಚಳಿ ಬಲಿಯುವ ಹೊತ್ತಿಗೆ ಪೆಟ್ಟಿಗೆಗಳು ನೆಟ್ಟಗಾದವು. ಅಂಕಿಗಳು ಬಂದವು. ದಿನವೂ ಬೆಳಿಗ್ಗೆ ಐದರಿಂದ ಎಂಟರೊಳಗೆ ಬಡಾವಣೆಯ ಗ್ರಾಫು ಗುಡ್ಡದ ಹಾಗೆ ಏಳುತ್ತಿತ್ತು. ಬಿಸಿಲು ಬಂದ ಮೇಲೆ ಇಳಿಯುತ್ತಿತ್ತು. ಜನ ಹೇಳುತ್ತಿದ್ದದ್ದೂ ಅದೇ, ಬೆಳಗಿನ ಹೊತ್ತೇ ಹೊಗೆ ಜಾಸ್ತಿ ಎಂದು. ಹುಡುಗಿ ಐದರಿಂದ ಒಂಬತ್ತು ಗಂಟೆಯ ಭಾಗವನ್ನು ಮಾತ್ರ ಕತ್ತರಿಸಿ ದೊಡ್ಡದಾಗಿ ಬಣ್ಣದಲ್ಲಿ ಪ್ರಿಂಟ್ ಹಾಕಿಸಿದಳು. ಅರ್ಜಿ ಬರೆದೆವು. ಬಡಾವಣೆಯವರು ಸಹಿ ಹಾಕಿದರು, ಶಾಲೆಯ ಮುಖ್ಯೋಪಾಧ್ಯಾಯಿನಿಯೂ ಹಾಕಿದರು. ಅರ್ಜಿ ಮೇಲಕ್ಕೆ ಹೋಗಿ, ಅಧಿಕಾರಿಯೊಬ್ಬರು ಗುಂಡಿ ಯಜಮಾನರನ್ನೂ ನಮ್ಮನ್ನೂ ಕರೆದು ಸಭೆ ಗೊತ್ತು ಮಾಡಿದರು. ಇಷ್ಟು ಬೇಗ ಸಭೆ ಸಿಗುತ್ತದೆಂದು ನಾವು ಯಾರೂ ಅಂದುಕೊಂಡಿರಲಿಲ್ಲ.

ಸಭೆಗೆ ನಾಲ್ಕು ದಿನ ಇರುವಾಗ ಗೆಂಡೆಹಳ್ಳಿಯ ಹುಡುಗ ರಿಜಿಸ್ಟರ್ ತಂದು ನನ್ನ ಮೇಜಿನ ಮೇಲಿಟ್ಟ. "ಆರನೇ ಪೆಟ್ಟಿಗೆ ಪುಟ ಖಾಲಿ ಐತೆ ಮೇಡಂ. ನೀವು ಕಾರ್ಡು ಕೊಟ್ಟೇ ಇಲ್ಲ."

ನಿಜ. ಅವರ ಐದು ಪೆಟ್ಟಿಗೆಗಳ ಬಗ್ಗೆ ದಿನಾ ವಿಚಾರಿಸುತ್ತಿದ್ದ ನಾನು ನಮ್ಮ ಹಿತ್ತಿಲಿನದನ್ನು ಒಂದು ಸಲವೂ ತೆಗೆದು ನೋಡಿರಲಿಲ್ಲ. ಸಂಜೆ ಮನೆ ಮುಟ್ಟುವಾಗ ಸಾಕಾಗಿ ಹೋಗಿರುತ್ತಿತ್ತು. ಅಲ್ಲಿ ನೋಡುವುದೇನಿದೆ, ಶುದ್ಧ ಗಾಳಿ ತಾನೇ ಎಂಬ ಧೈರ್ಯ ಬೇರೆ. ಮಾರನೆಯ ದಿನ ಕಾರ್ಡು ತಂದು ಹಾಕಿದೆ.

ಬಸ್ತಿಹಳ್ಳಿಯಲ್ಲೂ ಗುಡ್ಡ ಎದ್ದಿತ್ತು. ಅದೇ ಐದರಿಂದ ಎಂಟು. ಕೆಲವು ದಿನ ಬಡಾವಣೆಗಿಂತ ಎತ್ತರ.

ಪೆಟ್ಟಿಗೆ ಕೆಟ್ಟಿದೆ ಎಂದೆ. ವೈರಿನ ಹುಡುಗ ಮಾಳಿಗೆ ಮೇಲಿದ್ದ ಒಳ್ಳೆಯ ಪೆಟ್ಟಿಗೆ ಬಿಚ್ಚಿಕೊಟ್ಟ. ಅದನ್ನು ಅಂದೇ ಒಯ್ದು ಹಿತ್ತಿಲಿನಲ್ಲಿ ಹಳೆಯದರ ಪಕ್ಕ ತೂಗುಹಾಕಿದೆ. ಬೆಳಿಗ್ಗೆ ಎದ್ದು ಶಾಲು ಹೊದ್ದು ಅವುಗಳ ಮುಂದೆ ನಿಂತೆ. ಹಳೇಬೀಡಿನ ಕೆರೆಯ ಕಡೆಯಿಂದ ಮಂಜು ಹಾಸಿಕೊಂಡು ಬಂದಿತ್ತು, ಬಸದಿಯ ಗೋಡೆ ಕಾಣುತ್ತಿರಲಿಲ್ಲ. ಎರಡೂ ಪೆಟ್ಟಿಗೆಗಳು ಹೆಚ್ಚು ಕಡಿಮೆ ಒಂದೇ ಅಂಕಿ ತೋರಿಸುತ್ತಿದ್ದವು, ದೊಡ್ಡ ಅಂಕಿ. ನನ್ನ ಸೆರಗಿನ ಮೇಲೆ ಸಣ್ಣ ಹನಿಗಳು ಕೂತಿದ್ದವು. ಆಗ ಹೊಳೆಯಿತು. ಬೆಳಕನ್ನು ಚದುರಿಸಲು ಧೂಳೇ ಆಗಬೇಕೆಂದಿಲ್ಲ, ನೀರಿನ ಹನಿಯೂ ಸಾಕು. ನಾವು ಚಳಿಗಾಲವಿಡೀ ಮಂಜನ್ನು ಅಳೆದು ಹೊಗೆ ಎಂದು ಬರೆದಿದ್ದೆವು. ಇದನ್ನು ನಾನು ತರಗತಿಯಲ್ಲಿ ಪಾಠ ಮಾಡುವವಳು. ಬೆಳಕು ಚದುರುವುದರ ಮೇಲೆ ಪ್ರತಿ ವರ್ಷ ಟಿಪ್ಪಣಿ ಬರೆಸುವವಳು.

ಅಷ್ಟಕ್ಕೇ ನಿಲ್ಲಲಿಲ್ಲ. ನಾನು ನೋಡುತ್ತಿದ್ದ ಹಾಗೆಯೇ ಅಂಕಿ ಇನ್ನೂ ಜಿಗಿಯಿತು. ತಿರುಗಿದರೆ ಅಮ್ಮ ಬಚ್ಚಲ ಹಂಡೆಗೆ ಉರಿ ಹಾಕುತ್ತಿದ್ದಳು. ತೆಂಗಿನ ಗರಿ, ಮಟ್ಟೆ, ಒಂದಿಷ್ಟು ಹಸಿ ಸೌದೆ. ಬಚ್ಚಲಿನ ಗವಾಕ್ಷಿಯಿಂದ ಹೊಗೆ ನೇರವಾಗಿ ಪೆಟ್ಟಿಗೆಗಳತ್ತ ಬರುತ್ತಿತ್ತು. ಅಮ್ಮ ಬಗ್ಗಿ ಊದುಗೊಳವೆಯಲ್ಲಿ ಊದಿ, ಕೆಮ್ಮಿ, ಮತ್ತೆ ಊದಿದಳು.

"ಅಮ್ಮ, ಸ್ವಲ್ಪ ಹೊತ್ತು ಉರಿ ಹಾಕ್ಬೇಡ."

"ಯಾಕೆ?"

"ಈ ಪೆಟ್ಟಿಗೆ ಹೊಗೆ ಅಳೀತಾ ಐತೆ."

ಅಮ್ಮ ಎದ್ದು ಬಂದು ಪೆಟ್ಟಿಗೆಯನ್ನು ನೋಡಿದಳು. "ಮದ್ವೆಯಾಗಿ ಬಂದಾಗಿಂದ ಊದ್ತಾ ಇವ್ನಿ ಕಣೇ. ಇಷ್ಟು ದಿನ ಯಾರೂ ಅಳೀಲಿಲ್ವಲ್ಲ" ಎಂದು ಮತ್ತೆ ಒಳಗೆ ಹೋದಳು. ಮಾತಿನಲ್ಲಿ ಕೊಂಕು ಇರಲಿಲ್ಲ. ನೀರು ಕಾಯಬೇಕಿತ್ತು, ನನ್ನ ಬಸ್ಸಿಗೆ ಹೊತ್ತಾಗುತ್ತಿತ್ತು, ಅಷ್ಟೇ.

ಬಸ್ಸಿನಲ್ಲಿ ಜಾವಗಲ್ ಬರುವವರೆಗೆ ಯೋಚಿಸಿದೆ. ಒಂದು ದಾರಿ ಸುಲಭವಿತ್ತು. ಆರನೆಯ ಪೆಟ್ಟಿಗೆಯ ವಿಷಯ ಎತ್ತದೆ ಸುಮ್ಮನಿರುವುದು. ಅರ್ಜಿಯಲ್ಲಿ ಅದರ ಅಂಕಿ ಇರಲೇ ಇಲ್ಲ, ಯಾರೂ ಕೇಳುವುದಿಲ್ಲ. ಹೊಗೆಯಂತೂ ನಿಜ, ಮೂಗಿಗೆ ಬಡಿಯುತ್ತದೆ, ಮಕ್ಕಳು ಕೆಮ್ಮುತ್ತಾರೆ. ಸಭೆ ಮತ್ತೆ ಯಾವಾಗ ಸಿಗುತ್ತದೋ. ಬಾಣಾವರ ದಾಟುವ ಹೊತ್ತಿಗೆ ನನಗೆ ಇನ್ನೊಂದು ಯೋಚನೆ ಬಂದು ಕಾಡಿತು. ನಾವು ತೋರಿಸಿದ ಅಂಕಿಯಲ್ಲಿ ಗುಂಡಿಯ ಪಾಲೆಷ್ಟು ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಉತ್ತರವಿಲ್ಲದ್ದನ್ನು ದಾಖಲೆ ಎಂದು ಮೂರು ಮಕ್ಕಳ ಕೈಯಲ್ಲಿ ಕೊಟ್ಟು ಸಭೆಗೆ ಕಳಿಸುತ್ತಿದ್ದೇನೆ.

ಮಧ್ಯಾಹ್ನ ಮೂವರನ್ನೂ ಪ್ರಯೋಗಾಲಯಕ್ಕೆ ಕರೆದು ಎರಡು ಗ್ರಾಫುಗಳನ್ನು ಪಕ್ಕ ಪಕ್ಕ ಇಟ್ಟೆ. ಮಂಜಿನ ವಿಷಯ ಹೇಳಿದೆ. ನಮ್ಮ ಮನೆಯ ಹಂಡೆ ಒಲೆಯ ವಿಷಯವನ್ನೂ ಹೇಳಿದೆ. ಸಭೆಗೆ ಹೋಗಿ ಅಂಕಿಗಳನ್ನು ಹಿಂದಕ್ಕೆ ತೆಗೆದುಕೊಳ್ಳೋಣ, ಎರಡು ತಿಂಗಳು ಸಮಯ ಕೇಳೋಣ ಎಂದೆ.

ಬಡಾವಣೆಯ ಹುಡುಗಿ ಕಾಗದಗಳನ್ನು ಮುಟ್ಟಲಿಲ್ಲ. "ಹೊಗೆ ಇರೋದು ಸುಳ್ಳಾ ಮೇಡಂ?"

"ಸುಳ್ಳಲ್ಲ."

"ಮತ್ತೆ?"

"ಇದರಲ್ಲಿ ಎಷ್ಟು ಹೊಗೆ, ಎಷ್ಟು ಮಂಜು ಅಂತ ನನಗೆ ಗೊತ್ತಿಲ್ಲ."

"ಅವ್ರಿಗೂ ಗೊತ್ತಾಗಲ್ಲ ಅಲ್ವಾ."

ನಾನು ಮಾತಾಡುವ ಮೊದಲೇ ಗೆಂಡೆಹಳ್ಳಿಯ ಹುಡುಗ ಹೇಳಿದ: "ಗೊತ್ತಾಯ್ತದೆ. ಅವ್ರ ಕಡೆಯೋರು ಇಂಥದ್ದೇ ಪೆಟ್ಟಿಗೆ ತಂದು ಕೆರೆ ಹತ್ರ ಒಂದಿನ ಮಡಗಿದ್ರೆ ಸಾಕು. ಆಮೇಲೆ ನಾವು ಯಾವತ್ತು ಏನು ಹೇಳಿದ್ರೂ ನಂಬಲ್ಲ."

"ನಿನ್ನ ತಮ್ಮ ಆಗಿದ್ರೆ ಹಿಂಗೆ ಮಾತಾಡ್ತಿದ್ಯಾ?" ಎಂದಳು ಅವಳು. ಅವನು ತಲೆ ತಗ್ಗಿಸಿದ. ಅವಳು ನನ್ನತ್ತ ತಿರುಗಿ, "ಮೊದಲೇ ಕಾರ್ಡು ನೋಡಿದ್ರೆ ಇದೆಲ್ಲ ಆಗ್ತಿರ್ಲಿಲ್ಲ" ಎಂದು ಬ್ಯಾಗು ಎತ್ತಿಕೊಂಡು ಹೊರಟುಹೋದಳು.

ಸಭೆಗೆ ಅವಳು ಬಂದಳು. ಆದರೆ ನಮ್ಮ ಸಾಲಿನಲ್ಲಿ ಕೂರಲಿಲ್ಲ, ಬಡಾವಣೆಯವರ ಜೊತೆ ಹಿಂದೆ ಕೂತಳು. ನಾನು ಎದ್ದು ನಿಂತು, ಅರ್ಜಿಯ ಜೊತೆಗಿರುವ ಬೆಳಗಿನ ಅಳತೆಗಳಲ್ಲಿ ಮಂಜು ಸೇರಿಕೊಂಡಿದೆ, ಅದನ್ನು ನಾವು ಗಮನಿಸದೆ ಹೋದೆವು, ಆದ್ದರಿಂದ ಅವುಗಳನ್ನು ಪರಿಗಣಿಸಬಾರದು ಎಂದೆ.

ಅಧಿಕಾರಿ ಕನ್ನಡಕ ತೆಗೆದರು. "ಅಂದ್ರೆ ಅರ್ಜಿ ವಾಪಸ್ ತಗೋತಿದೀರಾ?"

"ಅರ್ಜಿ ಅಲ್ಲ ಸರ್. ಅಂಕಿ ಮಾತ್ರ. ಇನ್ನೆರಡು ತಿಂಗಳು ಕೊಡಿ."

ಗುಂಡಿ ಯಜಮಾನರು ವಯಸ್ಸಾದವರು, ಬಿಳಿ ಪಂಚೆ, ಹಣೆಯಲ್ಲಿ ವಿಭೂತಿ. ಜೋರು ಮಾಡುವ ಮನುಷ್ಯರಲ್ಲ. "ನೋಡಿ ಸ್ವಾಮಿ, ಮೇಡಮ್ಮೋರೇ ಹೇಳ್ತಾವ್ರೆ, ಅದು ಮಂಜು ಅಂತ. ನಾನೇನು ಬೇರೆ ಊರೋನಾ? ನಮ್ಮನೆ ಮಕ್ಕಳೂ ಇದೇ ಗಾಳಿ ಕುಡಿಯೋದು" ಎಂದರು. ಹಿಂದಿನ ಸಾಲಿನಲ್ಲಿ ಗೊಣಗಾಟ ಎದ್ದಿತು. ಸಹಿ ಹಾಕಿದ್ದ ಒಬ್ಬರು, "ಮಕ್ಕಳಾಟ ಕಟ್ಕೊಂಡು ನಮ್ಮನ್ನ ಇಲ್ಲಿಗೆ ಕರ್ಕೊಂಡು ಬಂದ್ರಿ" ಎಂದು ಎದ್ದು ಹೋದರು. ಅಧಿಕಾರಿ ಎರಡು ತಿಂಗಳು ಕೊಟ್ಟರು. ಕೊಡುವುದರಿಂದ ಅವರಿಗೆ ನಷ್ಟವೇನೂ ಇರಲಿಲ್ಲ.

ಮರುದಿನದಿಂದ ಎಲ್ಲ ಮೊದಲಿನಿಂದ. ಆರೂ ಪೆಟ್ಟಿಗೆಗಳನ್ನು ಕೆಳಗಿಳಿಸಿ ಕಾಲೇಜಿನ ಮಾಳಿಗೆಯಲ್ಲಿ ಒಂದೇ ಕಂಬಕ್ಕೆ ಕಟ್ಟಿ ಒಂದು ವಾರ ಓಡಿಸಿದೆವು. ಒಂದೇ ಗಾಳಿಗೆ ಆರೂ ಒಂದೇ ಉತ್ತರ ಕೊಡಬೇಕು, ಕೊಡಲಿಲ್ಲ. ಒಂದು ಯಾವಾಗಲೂ ಹೆಚ್ಚು ಹೇಳುತ್ತಿತ್ತು, ಇನ್ನೊಂದು ಸದಾ ಕಡಿಮೆ. ಯಾವುದನ್ನು ಎಷ್ಟು ತಿದ್ದಬೇಕೆಂದು ಪಟ್ಟಿ ಮಾಡಿದೆವು. ವೈರಿನ ಹುಡುಗ ಪ್ರತಿ ಪೆಟ್ಟಿಗೆಗೂ ಗಾಳಿಯ ತೇವ ಅಳೆಯುವ ಬಿಲ್ಲೆಯೊಂದನ್ನು ಸೇರಿಸಿದ. ತೇವ ಒಂದು ಮಟ್ಟ ದಾಟಿದ ಗಂಟೆಗಳನ್ನೆಲ್ಲ ಹೊಡೆದು ಹಾಕುವುದೆಂದು ನಿಯಮ ಮಾಡಿಕೊಂಡೆವು. ಯಂತ್ರವನ್ನೊಂದೇ ನಂಬಬಾರದೆಂದು ಮೀನಿನ ತೊಟ್ಟಿಗೆ ಗಾಳಿ ಊದುವ ಪಂಪನ್ನು ಬಿಚ್ಚಿ, ಊದುವ ಬದಲು ಎಳೆಯುವ ಹಾಗೆ ಮಾಡಿ, ಅದರ ಬಾಯಿಗೆ ಬಿಳಿ ಫಿಲ್ಟರ್ ಕಾಗದದ ಬಿಲ್ಲೆ ಕೂರಿಸಿದೆವು. ಮಂಜಾದರೆ ಕಾಗದ ಒದ್ದೆಯಾಗಿ ಒಣಗಿ ಬೆಳ್ಳಗೇ ಉಳಿಯುತ್ತದೆ. ಹೊಗೆಯಾದರೆ ಕಂದು ಕಟ್ಟುತ್ತದೆ. ಹಂಡೆ ಒಲೆಯಿಂದ ದೂರ ಇರಲಿ ಎಂದು ನಮ್ಮ ಪೆಟ್ಟಿಗೆಯನ್ನು ಊರಾಚೆ ಹೊಲದ ಪಂಪ್‌ಸೆಟ್ ಮನೆಗೆ ಸಾಗಿಸಿ, ಬೆಳಗಿನ ಮಂಜಿನಲ್ಲಿ ಕಾಗದ ಇಟ್ಟು ನೋಡಿದೆ. ಅಂಕಿ ಎತ್ತರಕ್ಕೇರಿತ್ತು, ಕಾಗದ ಬೆಳ್ಳಗಿತ್ತು. ಹಿತ್ತಿಲಿನಲ್ಲಿಟ್ಟಾಗ ಕಾಗದ ಹೊಗೆಸೊಪ್ಪಿನ ಬಣ್ಣಕ್ಕೆ ತಿರುಗಿತು. ಅದನ್ನು ಅಮ್ಮನಿಗೆ ತೋರಿಸಲಿಲ್ಲ. ಆ ಭಾನುವಾರ ಹಳೇಬೀಡಿನಿಂದ ಒಬ್ಬರನ್ನು ಕರೆಸಿ ಹಂಡೆ ಒಲೆಗೆ ತಗಡಿನ ಕೊಳವೆ ಹಾಕಿಸಿದೆ. ಅಮ್ಮ, "ಈಗ ಪೆಟ್ಟಿಗೆಗೆ ಅನುಕೂಲ ಆಯ್ತಾ?" ಎಂದಳು.

ಹುಡುಗಿ ಹದಿನೈದು ದಿನ ಬರಲಿಲ್ಲ. ಆಮೇಲೆ ಒಂದು ದಿನ ಬಂದು ಶಾಲೆಯ ಪೆಟ್ಟಿಗೆಗೆ ಹಾಕಿದ್ದ ಬೀಗದ ಕೀಲಿ ಕೇಳಿದಳು. ಕೊಟ್ಟೆ.

ಹೊಸ ಅಂಕಿಗಳು ನಮ್ಮನ್ನು ಇನ್ನಷ್ಟು ಕುಗ್ಗಿಸಿದವು. ತೇವದ ಗಂಟೆಗಳನ್ನು ಹೊಡೆದು ಹಾಕಿದ ಮೇಲೆ ಬೆಳಗಿನ ಗುಡ್ಡ ಮಾಯವಾಯಿತು. ಉಳಿದದ್ದು ಮನೆಮನೆಯ ಒಲೆಯ ಸಣ್ಣ ದಿಬ್ಬ. ಆಗಲೂ ನಾವು ನೋಡುತ್ತಿದ್ದದ್ದು ಬೆಳಗಿನ ಭಾಗವನ್ನಷ್ಟೇ. ಹಾಗಾದರೆ ಗುಂಡಿಯ ಹೊಗೆ ಎಲ್ಲಿ ಹೋಯಿತು? ಬೆಳಿಗ್ಗೆ ಎಷ್ಟು ಗುಂಡಿ ಉರಿಯುತ್ತದೆ ಎಂದು ಎಣಿಸಲು ಗೆಂಡೆಹಳ್ಳಿಯ ಹುಡುಗ ಎರಡು ದಿನ ರಸ್ತೆ ಬದಿ ನಿಂತ. ಅಲ್ಲಿನವರು ಗದರಿಸಿ ಓಡಿಸಿದರು.

ಕೊನೆಗೆ ಗೊತ್ತಾದದ್ದು ಶಾಲೆಯ ಪಕ್ಕದ ನಲ್ಲಿಯ ಹತ್ತಿರ. ಪೆಟ್ಟಿಗೆ ನೋಡಲು ಹೋಗಿದ್ದೆ. ಗುಂಡಿಯಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳು ಕೊಡಕ್ಕೆ ನೀರು ಹಿಡಿಯುತ್ತಿದ್ದಳು. ಐವತ್ತರ ಆಸುಪಾಸು, ತಲೆಗೆ ಟವೆಲ್ಲು, ಕೈಯ ಗೆರೆಗಳಲ್ಲೆಲ್ಲ ಇದ್ದಿಲ ಕಪ್ಪು. ಯಾರು ಏನು ಎಂದು ಹೇಳಿಕೊಂಡು ಕೇಳಿದೆ: "ಅಕ್ಕ, ಬೆಳಿಗ್ಗೆ ಎಷ್ಟು ಗುಂಡಿ ಹಚ್ತೀರಿ?"

ಅವಳು ತುಂಬಿದ ಕೊಡ ಸರಿಸಿಟ್ಟಳು. "ಬೆಳಿಗ್ಗೆ ಎಲ್ಲಿ ಹಚ್ತಾರೆ ಕಣವ್ವ? ಬೆಳಿಗ್ಗೆ ಮಣ್ಣು ಕೆರೆದು ಗುಂಡಿ ತೆಗೆಯೋದು, ಜರಡಿ ಹಿಡಿಯೋದು, ಚೀಲ ತುಂಬೋದು. ಹಚ್ಚೋದು ಉಂಡಾದ ಮೇಲೆ. ಮೂರು ಗಂಟೆ ಹೊತ್ಗೆ ಬೆಂಕಿ ಹಾಕಿ ಚಿಪ್ಪು ಸುರೀತಾ ಇರಬೇಕು. ಬಿಳೀ ಹೊಗೆ ಹೋಗಿ ತೆಳ್ಳಗಾದ ಮೇಲೆ ತಗಡು ಮುಚ್ಚಿ ಮಣ್ಣು ಮೆತ್ತಿಬಿಟ್ರೆ ಮುಗೀತು."

"ಭಾನುವಾರ?"

"ಭಾನುವಾರ ಹಚ್ಚಲ್ಲ. ನಮಗೂ ಬಟ್ಟೆ ಬರೆ ಒಗೆಯೋದು ಬ್ಯಾಡ್ವಾ?"

ಕಾಲೇಜಿಗೆ ನಡೆದು ಬರುತ್ತ ಲೆಕ್ಕ ಹಾಕಿದೆ. ಎರಡು ತಿಂಗಳು ಪೆಟ್ಟಿಗೆ, ತೇವ, ಕಾಗದ ಎಂದು ಒದ್ದಾಡಿದ್ದೆವು. ಗುಂಡಿಯ ಹೊಗೆ ಯಾವಾಗ ಏಳುತ್ತದೆ ಎಂದು ಗುಂಡಿಯ ಬಳಿ ಇರುವವರನ್ನು ಕೇಳಿರಲಿಲ್ಲ. ಹಳೆಯ ಕಾರ್ಡುಗಳನ್ನೆಲ್ಲ ಮತ್ತೆ ತೆಗೆದು, ಬೆಳಗಿನ ಭಾಗ ಬಿಟ್ಟು ಮಧ್ಯಾಹ್ನದ್ದನ್ನು ನೋಡಿದೆವು. ಅಲ್ಲಿತ್ತು. ಮೂರು ದಾಟಿದ ಮೇಲೆ ಏಳುವ ಗುಡ್ಡ. ಮಂಜಿನ ಗುಡ್ಡದ ಪಕ್ಕದಲ್ಲಿ ಅದು ಸಣ್ಣದಾಗಿ ಕಂಡಿದ್ದರಿಂದ, ಚಿತ್ರ ದೊಡ್ಡದಾಗಿ ಕಾಣಲೆಂದು ನಾವೇ ಅದನ್ನು ಕತ್ತರಿಸಿ ಎಸೆದಿದ್ದೆವು. ಒಣ ಗಾಳಿ, ಬಿಸಿಲು, ಮಂಜಿನ ಸುಳಿವಿಲ್ಲ. ಶಾಲೆಯ ಜಗಲಿಯ ಪೆಟ್ಟಿಗೆಯಲ್ಲಿ ಅದು ಎಲ್ಲಕ್ಕಿಂತ ಎತ್ತರ, ಏಕೆಂದರೆ ಚಳಿಗಾಲದ ಮಧ್ಯಾಹ್ನ ಗಾಳಿ ಮೂಡಣದಿಂದ ಬೀಸುತ್ತಿತ್ತು. ಮಕ್ಕಳು ಆಟಕ್ಕೆ ಬಯಲಿಗಿಳಿಯುವ ಹೊತ್ತೂ ಅದೇ. ಭಾನುವಾರಗಳಲ್ಲಿ ಗುಡ್ಡ ಇರಲಿಲ್ಲ.

ಬಡಾವಣೆಯ ಹುಡುಗಿ ಭಾನುವಾರಗಳನ್ನು ಒಂದೊಂದಾಗಿ ಬೆರಳಿಟ್ಟು ನೋಡಿದಳು. "ನಮ್ಮಮ್ಮ ತಮ್ಮನ್ನ ಬೆಳಿಗ್ಗೆ ಹೊರಗೆ ಬಿಡ್ತಿರ್ಲಿಲ್ಲ, ಹೊಗೆ ಅಂತ. ಸಂಜೆ ಆಡಕ್ಕೆ ಕಳಿಸ್ತಿದ್ರು" ಎಂದಳು.

ಎರಡನೆಯ ಸಭೆಗೆ ಜನ ಕಡಿಮೆ. ಬಡಾವಣೆಯಿಂದ ನಾಲ್ಕೇ ಮಂದಿ. ಮಾತಾಡುವ ಕೆಲಸವನ್ನು ಹುಡುಗಿಗೆ ಬಿಟ್ಟೆ. ಅವಳು ಬಣ್ಣದ ಪ್ರಿಂಟು ತರಲಿಲ್ಲ. ಕಪ್ಪು ಬಿಳುಪಿನ ನಾಲ್ಕು ಹಾಳೆ, ಒಂದು ಲಕೋಟೆಯಲ್ಲಿ ಕಾಗದದ ಬಿಲ್ಲೆಗಳು.

"ಈ ಸಲ ಮಂಜು ಇಲ್ವೇನಮ್ಮ?" ಅಧಿಕಾರಿ ಕೇಳಿದರು. ಧ್ವನಿಯಲ್ಲಿ ತಮಾಷೆ ಇತ್ತು.

"ಮಂಜಿದ್ದ ಗಂಟೆಗಳನ್ನೆಲ್ಲ ತೆಗೆದು ಹಾಕಿದೀವಿ ಸರ್. ಯಾವ್ಯಾವುದು ಅಂತ ಕೊನೇ ಹಾಳೆಲಿದೆ. ಹೋದ ಸಲ ಕೊಟ್ಟಿದ್ದರಲ್ಲಿ ಎಲ್ಲಿ ತಪ್ಪಿತ್ತು ಅನ್ನೋದೂ ಅದರಲ್ಲೇ ಬರ್ದಿದೀವಿ."

ಅವರು ಕೊನೆಯ ಹಾಳೆಯನ್ನೇ ಮೊದಲು ಓದಿದರು, ನಿಧಾನವಾಗಿ. ಆಮೇಲೆ ಭಾನುವಾರದ ಹಾಳೆ. ಆ ಹೊತ್ತಿಗೆ ಅವರ ಮುಖದ ತಮಾಷೆ ಹೋಗಿತ್ತು. ಯಜಮಾನರು ಬಿಲ್ಲೆಗಳನ್ನು ಕೇಳಿ ಇಸಿದುಕೊಂಡರು. ಭಾನುವಾರದ್ದು ಬೆಳ್ಳಗಿತ್ತು, ಸೋಮವಾರ ಮೂರರಿಂದ ಐದರವರೆಗೆ ಶಾಲೆಯ ಜಗಲಿಯಲ್ಲಿ ಇಟ್ಟದ್ದು ಕಂದು. ಅವರು ಕಂದು ಬಿಲ್ಲೆಯನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು. ಆ ವಾಸನೆ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು.

"ಇದು ನಮ್ದೇ" ಎಂದರು.

ಶಾಲೆ ನಡೆಯುವ ದಿನ ಅಲ್ಲಿ ಗುಂಡಿ ಹಚ್ಚುವಂತಿಲ್ಲ, ಬೇಸಿಗೆ ರಜೆ ಮುಗಿಯುವುದರೊಳಗೆ ಜಾಗ ಬದಲಿಸಬೇಕು ಎಂದು ತೀರ್ಮಾನವಾಯಿತು. ಯಜಮಾನರು ಸಹಿ ಹಾಕಿದರು. ಹೊರಗೆ ಬಂದಾಗ ವೈರಿನ ಹುಡುಗ ಟೀ ಕುಡಿಯೋಣ ಎಂದ. ಕುಡಿದೆವು. ಗೆದ್ದವರ ಹಾಗೆ ಯಾರಿಗೂ ಅನ್ನಿಸಲಿಲ್ಲ; ಎಲ್ಲರಿಗೂ ನಿದ್ದೆ ಬೇಕಾಗಿತ್ತು. ಹುಡುಗಿ ಲೋಟ ಇಟ್ಟು, "ಮೊದಲನೇ ಸಲವೇ ಹೀಗೆ ಮಾಡಿದ್ದಿದ್ರೆ ನನ್ನ ತಮ್ಮನಿಗೆ ಒಂದು ಚಳಿಗಾಲ ಉಳೀತಿತ್ತು" ಎಂದಳು. ಈ ಸಲ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಹಗುರಾಗುತ್ತಿತ್ತೇನೋ.

ಗುಂಡಿಗಳು ಊರಿನಿಂದ ದೂರದ ಒಂದು ಪಾಳು ಜಮೀನಿಗೆ ಹೋದವು. ಹತ್ತಿರದಲ್ಲಿ ಮನೆಯಿಲ್ಲ, ಶಾಲೆಯಿಲ್ಲ. ಬಿಸಿಲು ಏರುತ್ತಿತ್ತು, ಪರೀಕ್ಷೆ ಹತ್ತಿರ ಬಂದಿತ್ತು, ನನ್ನ ಅವಧಿಯೂ ಮುಗಿಯುತ್ತ ಬಂದಿತ್ತು. ನಾವು ಪೆಟ್ಟಿಗೆಗಳನ್ನು ಇಳಿಸುತ್ತಿದ್ದ ದಿನ ನಲ್ಲಿಯ ಹತ್ತಿರ ಸಿಕ್ಕಿದ್ದ ಹೆಂಗಸು ಶಾಲೆಯ ಗೇಟಿನ ಬಳಿ ಬಂದು ನಿಂತಳು. ಈಗ ಕೆಲಸಕ್ಕೆ ಒಂದು ಗಂಟೆ ನಡೆಯಬೇಕು ಎಂದಳು. ದೂರು ಹೇಳಿದ ಹಾಗಿರಲಿಲ್ಲ, ಸುದ್ದಿ ಹೇಳಿದ ಹಾಗಿತ್ತು. ಆಮೇಲೆ ಪೆಟ್ಟಿಗೆಯತ್ತ ಕೈ ತೋರಿಸಿ, "ಇದನ್ನ ಒಂದಿನ ನಾ ನಿಂತ್ಕಳೋ ಕಡೆ ಕಟ್ಟಿ ನೋಡ್ತೀರಾ?" ಎಂದು ಕೇಳಿದಳು.

ಬಡಾವಣೆ, ಶಾಲೆ, ಕಾಲೇಜು, ನಮ್ಮ ಹಿತ್ತಿಲು. ಎಲ್ಲೆಲ್ಲಿ ಕಟ್ಟಿದ್ದೆವು ಎಂದು ಮನಸ್ಸಿನಲ್ಲೇ ಎಣಿಸಿದೆ. ಗುಂಡಿಯ ಬದಿಯಲ್ಲಿ ಒಂದೂ ಇಟ್ಟಿರಲಿಲ್ಲ. ಇಡಬೇಕೆಂದು ಯಾರಿಗೂ ತೋಚಿರಲಿಲ್ಲ.

ಮರುದಿನ ಮಧ್ಯಾಹ್ನ ನಾಲ್ವರೂ ಹೋದೆವು. ಯಜಮಾನರಿಗೆ ಫೋನ್ ಮಾಡಿ ಕೇಳಿದ್ದೆ. ನೋಡ್ಕೊಳಿ, ಈಗ ಇನ್ನೇನು ಎಂದಿದ್ದರು. ಆ ಹೆಂಗಸು ಚಿಪ್ಪು ಸುರಿಯುವ ಜಾಗದ ಪಕ್ಕ ಒಂದು ಗೂಟ ನೆಟ್ಟು ಅವಳ ಮುಖದ ಎತ್ತರಕ್ಕೆ ಪೆಟ್ಟಿಗೆ ಕಟ್ಟಿದೆವು. ಬೆಂಕಿ ಹಚ್ಚಿದರು. ಬಿಳಿ ಹೊಗೆ ಹಗ್ಗ ಹೊಸೆದ ಹಾಗೆ ಎದ್ದಿತು. ಅವಳು ಟವೆಲ್ಲಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಬುಟ್ಟಿಯ ಮೇಲೆ ಬುಟ್ಟಿ ಸುರಿದಳು. ನಾವು ನಿಲ್ಲಲಾರದೆ ಹಿಂದೆ ಸರಿದೆವು. ಸ್ವಲ್ಪ ಹೊತ್ತಿಗೆ ಪೆಟ್ಟಿಗೆಯ ಅಂಕಿ ಏರುತ್ತ ಏರುತ್ತ ಒಂದು ಕಡೆ ನಿಂತುಬಿಟ್ಟಿತು. ವೈರಿನ ಹುಡುಗ ತಟ್ಟಿ ನೋಡಿದ. ಕೆಟ್ಟಿರಲಿಲ್ಲ.

ಅವಳು ಬುಟ್ಟಿ ಇಟ್ಟು ಕಣ್ಣೊರೆಸಿಕೊಳ್ಳುತ್ತ ಬಂದಳು. "ಏನು ಹೇಳ್ತದೆ?"

"ಇದಕ್ಕೆ ಎಣಿಸಕ್ಕಾಗೋದು ಇಷ್ಟೇ ಅಕ್ಕ. ಇದಕ್ಕಿಂತ ಮೇಲೆ ಎಷ್ಟಿದ್ರೂ ಇದಕ್ಕೆ ಗೊತ್ತಾಗಲ್ಲ."

ಅವಳು ಅಂಕಿಯನ್ನು ನೋಡಿದಳು. ಓದಲು ಬರುತ್ತಿತ್ತೋ ಇಲ್ಲವೋ, ಕೇಳಲಿಲ್ಲ. "ಹಂಗಾರೆ ಬರ್ಕೊಳ್ರವ್ವ, ಅಷ್ಟನ್ನೇ" ಎಂದಳು.

ಬರೆದುಕೊಂಡೆವು. ಹುಡುಗಿ ಆ ಹಾಳೆಯನ್ನು ಹಿಡಿದು, ಇದನ್ನು ಯಾರಿಗ್ ಕೊಡೋದು ಮೇಡಂ ಎಂದು ಕೇಳಿದಳು. ಕಚೇರಿಗೇ ಕೊಡೋಣ, ಇನ್ನೊಂದು ಅರ್ಜಿ ಬರಿ ಎಂದೆ. ಅವಳು ಅಲ್ಲೇ ಚಿಪ್ಪಿನ ರಾಶಿಯ ಪಕ್ಕ ಕೂತು, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಬರೆಯಲು ಶುರು ಮಾಡಿದಳು. ನನಗೆ ಬಸ್ಸು ತಪ್ಪಿತು.